ಹಳೆಯ ಜೀಪು ಕೊಳ್ಳುವ ಗೃಹಸ್ಥರಿಗೆ

ಸೋಯಾಬೀನಿನ ರಾಶಿ ಮುಗಿದು ಅಡತಿ ಅಂಗಡಿಯಿಂದ ಹಣ ಕೈಸೇರುವ ಹೊತ್ತಿಗೆ ದೇವಣಿ, ಉದಗೀರ, ನಿಲಂಗಾ, ಉಮರಗಾ ಸೀಮೆಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: ಈ ವರ್ಷ ಗಾಡಿ ಕೊಳ್ಳುವುದೋ ಬೇಡವೋ? ನಮ್ಮ ತಂದೆಯವರ ಕಾಲದಲ್ಲಿ ಗಾಡಿಯೆಂದರೆ ಎತ್ತಿನ ಗಾಡಿ. ಈಗ ಆ ಶಬ್ದಕ್ಕೆ ನಾಲ್ಕು ಗಾಲಿಯ ಮೋಟಾರು ವಾಹನವೆಂದೇ ಅರ್ಥ. ಅದರಲ್ಲಿಯೂ ನೆಲದಿಂದ ಎತ್ತರವಾಗಿ ನಿಂತು, ಎರೆಹೊಲದ ಬಂಡಿದಾರಿಯಲ್ಲಿ ಹೊಟ್ಟೆ ತಾಗಿಸಿಕೊಳ್ಳದೆ ನಡೆಯುವ ಸಣ್ಣ ಎಸ್‌ಯುವಿ. ಹಿರಿಯರು ಇವೆಲ್ಲವನ್ನೂ ಇಂದಿಗೂ ಜೀಪು ಎಂದೇ ಕರೆಯುತ್ತಾರೆ. ನಾವೂ ಇಲ್ಲಿ ಹಾಗೆಯೇ ಕರೆಯುತ್ತೇವೆ.

ಹೊಸ ಜೀಪು ಬಹುಜನರ ಕೈಗೆ ಎಟುಕುವಂಥದಲ್ಲ. ನಾಲ್ಕು ಮೀಟರಿಗಿಂತ ಹೆಚ್ಚು ಉದ್ದವಿಲ್ಲದ, ಪೆಟ್ರೋಲಾದರೆ 1200 ಸಿ.ಸಿ., ಡೀಸೆಲಾದರೆ 1500 ಸಿ.ಸಿ. ಮೀರದ ವಾಹನಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದದ್ದು ನಿಜ. ಆದರೂ ತೆರಿಗೆ, ವಿಮೆ ಎಲ್ಲ ಸೇರಿ ಅದು ಮನೆಯ ಮುಂದೆ ನಿಲ್ಲುವಷ್ಟರಲ್ಲಿ ಹತ್ತು ಲಕ್ಷದ ಆಸುಪಾಸಿಗೆ ಹೋಗುತ್ತದೆ. ಆದಕಾರಣ ಮೂರರಿಂದ ಆರು ಲಕ್ಷಕ್ಕೆ ದೊರೆಯುವ ಹಳೆಯದರ ಕಡೆಗೆ ಜನ ತಿರುಗುವುದು ಸಹಜವೇ ಸರಿ. ಹೊಸದರ ಬೆಲೆ ಇಳಿದ ಮೇಲೆ ಹಳೆಯದರ ಬೆಲೆಯೂ ಇಳಿಯಬೇಕೆಂಬುದನ್ನು ಮಾತ್ರ ಮಾರುವವರು ತಾವಾಗಿ ಹೇಳುವುದಿಲ್ಲ. ಕೊಳ್ಳುವವರೇ ನೆನಪು ಮಾಡಿಕೊಡಬೇಕು.

ಮಕ್ಕಳ ಓದು, ಹಿರಿಯರ ಆರೈಕೆ, ಮನೆಯ ಹಿಡಿತದ ಖರ್ಚು ಎಂದು ಬರೆಯುತ್ತ ಬಂದ ಈ ಅಂಕಣದಲ್ಲಿ ಎಂಜಿನ್ನಿನ ಮಾತೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ನಮ್ಮ ಉತ್ತರವಿಷ್ಟೆ: ಹೊಲ ಬಿಟ್ಟರೆ ನಮ್ಮ ಕುಟುಂಬಗಳು ಒಮ್ಮೆಲೇ ಕೈಯೆತ್ತಿ ಕೊಡುವ ದೊಡ್ಡ ಮೊತ್ತ ಈಗ ಇದೇ ಆಗಿದೆ. ಹೊಲ ಕೊಳ್ಳುವಾಗ ಹತ್ತು ಜನರನ್ನು ಕೇಳುತ್ತೇವೆ. ಜೀಪು ಕೊಳ್ಳುವಾಗ ಬಣ್ಣ ನೋಡುತ್ತೇವೆ.

ಶಿಕ್ಷಕ ತರಬೇತಿಯಲ್ಲಿ ನಮಗೆ ಮೊದಲು ಕಲಿಸಿದ ಸೂತ್ರ, ಗೊತ್ತಿರುವುದರಿಂದ ಗೊತ್ತಿಲ್ಲದುದಕ್ಕೆ ಹೋಗಬೇಕು ಎಂಬುದು. ದೇವಣಿಯವರಿಗೆ ಗೊತ್ತಿರುವುದು ದನ. ಈ ಊರಿನ ಹೆಸರನ್ನೇ ಹೊತ್ತ ತಳಿ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಅಚ್ಚ ಬಿಳಿಯದು ಬಾಲಂಕ್ಯಾ, ಮುಖ ಮಾತ್ರ ಕಪ್ಪಾದದ್ದು ವಾನ್ನೇರಾ, ಮೈಮೇಲೆ ಕರಿಮಚ್ಚೆ ಚೆಲ್ಲಿದ್ದು ಶೇವ್ರಾ ಎಂದು ಚಿಕ್ಕ ಹುಡುಗನೂ ಗುರುತಿಸುತ್ತಾನೆ. ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಏನು ಮಾಡುತ್ತಾನೆ? ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ. ಗೊರಸು ಎತ್ತಿ ನೋಡುತ್ತಾನೆ. ಸುಳಿ ನೋಡುತ್ತಾನೆ. ನಡೆಸುತ್ತಾನೆ, ನೊಗ ಹೂಡಿ ಎಳೆಸುತ್ತಾನೆ. ಅಷ್ಟಾದ ಮೇಲೆಯೇ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಮಾತಾಡುತ್ತಾನೆ. ಇದೇ ರೈತ ಐದು ಲಕ್ಷದ ಜೀಪನ್ನು ಹದಿನೈದು ನಿಮಿಷದಲ್ಲಿ ಒಪ್ಪಿಕೊಂಡು ಸಾಲದ ಕಾಗದಕ್ಕೆ ರುಜು ಹಾಕುತ್ತಾನೆ. ಯಂತ್ರಕ್ಕೂ ಹಲ್ಲುಂಟು, ಗೊರಸುಂಟು. ನೋಡಲು ಬರುವುದಿಲ್ಲವೆಂದು ನಾವು ನೋಡುವುದಿಲ್ಲ, ಅಷ್ಟೆ.

ನಮ್ಮ ಶಾಲೆಯಲ್ಲಿ ಓದಿದವನೊಬ್ಬ, ಈಗ ಕೃಷಿಸಾಮಗ್ರಿಯ ಅಂಗಡಿ ಇಟ್ಟವನು, ಎರಡು ವರ್ಷಗಳ ಹಿಂದೆ ಡೀಸೆಲ್ ಜೀಪೊಂದನ್ನು ₹4,60,000ಕ್ಕೆ ಕೊಂಡ. ಮೀಟರು 68,000 ಕಿಲೋಮೀಟರ್ ತೋರಿಸುತ್ತಿತ್ತು. ಪೇಢೆ ತಂದುಕೊಟ್ಟು ‘ಗುರೂಜಿ, ಗಾಡಿ ಭಾಳ ಚಂದ ಅದ, ಒಂದು ಗೆರಿ ಸೈತ ಬಿದ್ದಿಲ್ಲ’ ಎಂದ. ಗೆರೆ ಬಿದ್ದಿರಲಿಲ್ಲ, ನಿಜ. ಎರಡನೆಯ ತಿಂಗಳಲ್ಲಿ ಕ್ಲಚ್ ಜಾರತೊಡಗಿತು. ಅದರ ಜೊತೆಯ ಫ್ಲೈವೀಲೂ ಸವೆದಿತ್ತಾದ್ದರಿಂದ ₹31,000 ಹೋಯಿತು. ನಾಲ್ಕು ಟಯರಿಗೆ ₹27,000. ಮುಂದಿನ ಲೋವರ್ ಆರ್ಮ್, ಶಾಕ್ ಅಬ್ಸಾರ್ಬರ್‌ಗಳಿಗೆ ₹14,500. ಇಷ್ಟರ ಮೇಲೆ ಎಂಟನೆಯ ತಿಂಗಳಲ್ಲಿ ಒಂದು ರಾತ್ರಿ, ಮದುವೆ ಮುಗಿಸಿ ಬರುವಾಗ, ನಡುದಾರಿಯಲ್ಲಿ ಎಂಜಿನ್ನು ಒಮ್ಮೆ ಟಪ್ಪೆಂದು ನಿಂತುಬಿಟ್ಟಿತು. ಟೈಮಿಂಗ್ ಬೆಲ್ಟು ತುಂಡಾಗಿ, ಪಿಸ್ಟನ್ನುಗಳು ವಾಲ್ವುಗಳಿಗೆ ಬಡಿದು ಅವು ಬಾಗಿದ್ದವು. ಹೆಡ್ಡು ಇಳಿಸಿ ಸರಿಮಾಡಿಸಲು ₹58,000, ಎಳೆದುತರಲು ₹4,500. ಒಟ್ಟು ₹1,35,000. ಆ ಬೆಲ್ಟನ್ನು, ಟೆನ್ಶನರು ಮತ್ತು ವಾಟರ್ ಪಂಪು ಸಹಿತ, ಕೊಂಡ ವಾರದಲ್ಲಿಯೇ ಬದಲಿಸಿದ್ದರೆ ಸುಮಾರು ₹12,000ದಲ್ಲಿ ಮುಗಿಯುತ್ತಿತ್ತು.

ಆ ಹಣ ಎಲ್ಲಿಂದ ಬಂತೆಂಬುದು ನಾವು ಹೇಳಬೇಕಾದ ವಿಷಯ. ಲಾತೂರಿನಲ್ಲಿ ಮಗಳ ನೀಟ್ ತರಬೇತಿಗೆಂದು ಆತನ ಹೆಂಡತಿ ಹಾಲಿನ ಹಣ ಕೂಡಿಸಿ ಇಟ್ಟಿದ್ದಳು. ಅದು ಗ್ಯಾರೇಜಿಗೆ ಹೋಯಿತು. ಹುಡುಗಿ ಒಂದು ವರ್ಷ ತಡವಾಗಿ ತರಗತಿ ಸೇರಿದಳು. ಆ ತಾಯಿ ನಮ್ಮ ಮನೆಯವರೊಡನೆ ಆಡಿದ ಮಾತು ಇದು: ‘ಅಕ್ಕಾ, ಗಾಡಿ ಅಂಗಳದಾಗ ನಿಂತದ, ಪೋರಿ ಮನ್ಯಾಗ ಕುಂತಾಳ.’ ಜೀಪಿನ ಹೆಸರನ್ನಾಗಲಿ ಮಾರಿದವರ ಹೆಸರನ್ನಾಗಲಿ ನಾವು ಬರೆಯುವುದಿಲ್ಲ. ಈಗ ಅದು ನೆಟ್ಟಗೆ ಓಡುತ್ತಿದೆ. ಆದರೆ ಅದರ ನಿಜವಾದ ಬೆಲೆ ₹5,95,000 ಆಗಿತ್ತೆಂದೂ, ₹4,60,000 ಎಂಬುದು ಅದರ ಮೊದಲನೆಯ ಕಂತು ಮಾತ್ರವೆಂದೂ ಕೊಳ್ಳುವ ದಿನ ಯಾರೂ ಆತನಿಗೆ ಹೇಳಲಿಲ್ಲ.

ಹಳೆಯ ವಾಹನದಲ್ಲಿ ದುರಸ್ತಿಯೆಂಬುದು ಮುಂದೆ ಬರುವ ಆಕಸ್ಮಿಕವಲ್ಲ, ಬಹುಮಟ್ಟಿಗೆ ಅದು ಆಗಲೇ ಒಳಗೆ ಕುಳಿತಿರುತ್ತದೆ. ಹಿಂದಿನ ಒಡೆಯ ಮಾಡಿಸದೆ ಬಿಟ್ಟ ಕೆಲಸವನ್ನು ನಾವು ಬೆಲೆಯೊಡನೆ ಕೊಂಡುಕೊಳ್ಳುತ್ತೇವೆ. ಯಾವುದು ಬಿಟ್ಟುಹೋಗಿದೆ ಎಂದು ತಿಳಿದರೆ ಅದನ್ನು ದರದಲ್ಲಿ ಕಳೆಯಬಹುದು.

ಬೆಲ್ಟಿನ ಮಾತಿನಿಂದಲೇ ಹಿಡಿಯೋಣ. ಎಂಜಿನ್ನಿನೊಳಗೆ ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಲು ಕೆಲವು ವಾಹನಗಳಲ್ಲಿ ಸರಪಳಿ ಇರುತ್ತದೆ, ಕೆಲವುಗಳಲ್ಲಿ ರಬ್ಬರಿನ ಹಲ್ಲುಪಟ್ಟಿ. 2016ರಿಂದ 2020ರವರೆಗೆ ಬಂದ ಡೀಸೆಲ್ ವಿಟಾರಾ ಬ್ರೆಝಾದ 1248 ಸಿ.ಸಿ. ಎಂಜಿನ್ನಿನಲ್ಲಿರುವುದು ಸರಪಳಿ. ಎಕೋಸ್ಪೋರ್ಟಿನ 1.5 ಲೀಟರ್ ಡೀಸೆಲಿನಲ್ಲಿಯೂ, ನಾಲ್ಕು ಮೀಟರಿಗಿಂತ ಉದ್ದವಾದರೂ ಹಳೆಯ ಬಜಾರಿನಲ್ಲಿ ಇದೇ ದರಕ್ಕೆ ದೊರೆಯುವ ಡಸ್ಟರಿನ 1.5 ಡೀಸೆಲಿನಲ್ಲಿಯೂ ಇರುವುದು ಪಟ್ಟಿ. ಪಟ್ಟಿಗೆ ಕಿಲೋಮೀಟರಿನ ಆಯುಷ್ಯವೂ ಉಂಟು, ವರ್ಷದ ಆಯುಷ್ಯವೂ ಉಂಟು. ಯಾವುದು ಮೊದಲು ತೀರುತ್ತದೆಯೋ ಅಂದೇ ಬದಲಿಸತಕ್ಕದ್ದು. ಬದಲಿಸಿದ ರಸೀದಿ ಮಾರುವವನಲ್ಲಿ ಇಲ್ಲವಾದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ. ಸರಪಳಿಯ ಎಂಜಿನ್ನಾದರೆ ಇಷ್ಟು ಭಯವಿಲ್ಲ. ಆದರೆ ಆಯಿಲ್ ಹೊತ್ತಿಗೆ ಬದಲಿಸದಿದ್ದರೆ ಸರಪಳಿಯೂ ಸಡಿಲವಾಗಿ, ಮುಂಜಾನೆ ಮೊದಲ ಸಲ ಚಾಲೂ ಮಾಡಿದಾಗ ಕೆಲವು ಕ್ಷಣ ಗಿಲಕಿಯಂತೆ ಗಲಗುಟ್ಟುತ್ತದೆ.

ಈ ಗಲಗು ಕೇಳಬೇಕಾದರೆ ಎಂಜಿನ್ನು ತಣ್ಣಗಿರಬೇಕು. ಚಾಣಾಕ್ಷ ಮಾರಾಟಗಾರ ನೀವು ಬರುವ ಮೊದಲೇ ಅರ್ಧ ತಾಸು ಓಡಿಸಿ ಬಿಸಿಮಾಡಿ ಇಟ್ಟಿರುತ್ತಾನೆ. ಹೋದೊಡನೆ ಮಾತಿಗೆ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ‘ನಾಳೆ ಮುಂಜಾನೆ ಬರುತ್ತೇವೆ’ ಎಂದು ಚಹ ಕುಡಿದು ಎದ್ದುಬನ್ನಿ.

ತಣ್ಣಗಿನ ಎಂಜಿನ್ನು ಚಾಲೂ ಆದ ಮೇಲೆ ಹಿಂದೆ ಹೋಗಿ ಹೊಗೆ ನೋಡಬೇಕು. ನೀಲಿ ಹೊಗೆ ಬಂದರೆ ಎಂಜಿನ್ನು ಆಯಿಲ್ ಕುಡಿಯುತ್ತಿದೆ: ರಿಂಗುಗಳೋ, ವಾಲ್ವಿನ ಸೀಲುಗಳೋ, ಟರ್ಬೋವೋ ಸವೆದಿದೆ. ದಟ್ಟ ಕಪ್ಪು ಹೊಗೆಯಾದರೆ ಇಂಜೆಕ್ಟರಿನ ದೋಷ, ಅಥವಾ ಧೂಳು ಕಟ್ಟಿದ ಏರ್ ಫಿಲ್ಟರು. ಮುಂಜಾನೆಯ ತುಸು ಬಿಳಿ ಆವಿ ಸಹಜ. ಎಂಜಿನ್ನು ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಕೂಲಂಟು ಒಳಗೆ ಸೇರುತ್ತಿದೆ ಎಂಬ ಸಂಶಯಕ್ಕೆ ಎಡೆಯುಂಟು. ಎಂಜಿನ್ನು ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆರೆದು ನೋಡಿ. ಅಲ್ಲಿಂದ ಹೊಗೆ ಬುಸುಗುಟ್ಟಿ ಬಂದರೆ ರಿಂಗುಗಳು ಸವೆದಿರುತ್ತವೆ. ಮುಚ್ಚಳದ ಒಳಮೈಗೆ ಮಜ್ಜಿಗೆಯಂಥ ಬಿಳಿಲೋಳೆ ಅಂಟಿದ್ದರೆ ಆಯಿಲಿಗೆ ನೀರು ಸೇರಿದೆಯೆಂಬ ಗುಮಾನಿ ಬರಬೇಕು. ಈ ಎರಡರಲ್ಲಿ ಯಾವುದು ಕಂಡರೂ ಚೌಕಾಶಿ ಬೇಡ, ಬಿಟ್ಟುಬಿಡಿ. ಪೂರ್ತಿ ಎಂಜಿನ್ನು ಬಿಚ್ಚಿ ಕಟ್ಟಿಸಲು ₹60,000ದಿಂದ ಒಂದು ಲಕ್ಷ, ಅದಕ್ಕೂ ಮೇಲೆ ಹೋಗುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಒಂದು ರೋಗವಿದೆ. ಅದು ಬೋರಿನ ನೀರು. ಮಳೆ ಕೈಕೊಟ್ಟು, 2016ರ ಏಪ್ರಿಲಿನಲ್ಲಿ ಮೀರಜಿನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ ನಾಡು ಇದು. ಆಳದ ಬೋರಿನ ಗಡಸುನೀರನ್ನೇ ಕುಡಿದು ನಮ್ಮ ಪಾತ್ರೆಗಳ ತಳದಲ್ಲಿ ಬಿಳಿಹಕ್ಕಳೆ ಕಟ್ಟುವುದನ್ನು ಗೃಹಿಣಿಯರೆಲ್ಲ ಬಲ್ಲರು. ರೇಡಿಯೇಟರಿಗೆ ಕೂಲಂಟಿನ ಬದಲು ಇದೇ ನೀರನ್ನು ಹೊಯ್ಯುವ ರೂಢಿ ಹಲವರಲ್ಲಿದೆ. ಅದೇ ಹಕ್ಕಳೆ ರೇಡಿಯೇಟರಿನ ಕೂದಲೆಳೆಯಂಥ ನಾಳಗಳಲ್ಲಿ ಕಟ್ಟುತ್ತದೆ. ವಾಟರ್ ಪಂಪು ತುಕ್ಕು ಹಿಡಿಯುತ್ತದೆ. ಮೇ ತಿಂಗಳ ಬಿಸಿಲಲ್ಲಿ ಘಾಟು ಏರುವಾಗ ಎಂಜಿನ್ನು ಕಾದು ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ರೇಡಿಯೇಟರು ₹5,000ದಿಂದ ₹10,000, ಗ್ಯಾಸ್ಕೆಟ್ಟಿನ ಕೆಲಸ ₹20,000ದಿಂದ ₹40,000. ಇವೆರಡನ್ನೂ ತಪ್ಪಿಸಬಲ್ಲ ಕೂಲಂಟು ಸಾವಿರದೈನೂರರಲ್ಲಿ ಬರುತ್ತದೆ. ಪರೀಕ್ಷೆ ಸುಲಭ: ಎಂಜಿನ್ನು ತಣ್ಣಗಿರುವಾಗ ಕೂಲಂಟಿನ ಡಬ್ಬಿ ತೆರೆದು ನೋಡಿ. ಹಸಿರೋ ಕೆಂಪೋ ನೀಲಿಯೋ ಸ್ವಚ್ಛ ದ್ರವವಿದ್ದರೆ ಒಳ್ಳೆಯದು. ಬಗ್ಗಡವಾದ ಇಟ್ಟಿಗೆಬಣ್ಣದ ನೀರಿದ್ದರೆ ಹಿಂದಿನ ಒಡೆಯನ ಸ್ವಭಾವವೇ ಅಲ್ಲಿ ಕಾಣುತ್ತದೆ. ನೀರಿನಲ್ಲಿ ಉಳಿಸಿದವನು ಆಯಿಲಿನಲ್ಲಿಯೂ ಉಳಿಸಿರುತ್ತಾನೆ.

ಟರ್ಬೋ ಎಂಬ ಭಾಗವನ್ನು ಕುರಿತು ಎರಡು ಮಾತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಈ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗಬಲ್ಲದು. ಅದನ್ನು ಕಾಪಾಡುವುದು ಆಯಿಲಿನ ತೆಳುಪೊರೆ ಮಾತ್ರ. ಹಳೆಯ ಆಯಿಲಿನಲ್ಲಿ ಓಡಿಸಿದರೆ, ಅಥವಾ ಹೆದ್ದಾರಿಯಲ್ಲಿ ವೇಗವಾಗಿ ಬಂದು ತಟ್ಟನೆ ಚಾವಿ ತಿರುಗಿಸಿದರೆ ಅದು ಬೇಗ ಸೋಲುತ್ತದೆ. ಬಿಚ್ಚಿ ಸರಿಪಡಿಸಲು ₹10,000ದಿಂದ ₹18,000, ಹೊಸದಕ್ಕೆ ₹30,000ದಿಂದ ₹50,000. ಓಡಿಸಿ ನೋಡುವಾಗ ಮೂರನೆಯ ಗೇರಿನಲ್ಲಿ ಎಕ್ಸಿಲರೇಟರ್ ಒತ್ತಿದರೆ ಬೆನ್ನಿಗೆ ಒಂದು ತಳ್ಳು ಅನುಭವಕ್ಕೆ ಬರಬೇಕು. ಬದಲಾಗಿ ಕೊಳಲಿನಂಥ ಸೀಟಿ ಕೇಳಿ ವೇಗ ಏರದಿದ್ದರೆ ದೋಷ ಅಲ್ಲಿದೆ.

ಡೀಸೆಲ್ ಇಂಜೆಕ್ಟರುಗಳು ಇದಕ್ಕಿಂತ ಸೂಕ್ಷ್ಮ. ಸೋಸದ ಡೀಸೆಲನ್ನು ಕ್ಯಾನಿನಿಂದ ಸುರಿಯುವುದು, ಫಿಲ್ಟರಿನಲ್ಲಿ ಕೂಡಿದ ನೀರನ್ನು ಬಿಡದಿರುವುದು ಇವೇ ಅವುಗಳ ಶತ್ರುಗಳು. ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರು. ಒಂದೊಂದನ್ನು ಸರಿಪಡಿಸಲು ₹3,000ದಿಂದ ₹6,000, ಹೊಸದಾದರೆ ಒಂದಕ್ಕೇ ಹನ್ನೆರಡು ಸಾವಿರದಿಂದ ಮೇಲೆ. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ಡೀಸೆಲುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿ.ಪಿ.ಎಫ್. ಎಂಬ ಜಾಲರಿಯೊಂದು ಸೇರಿದೆ. ಅದು ತಾನಾಗಿ ಸುಟ್ಟು ಶುಚಿಯಾಗಬೇಕಾದರೆ ಜೀಪು ಆಗಾಗ ಅರ್ಧ ತಾಸಾದರೂ ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಅಂಗಡಿ, ಅಂಗಡಿಯಿಂದ ಹೊಲ ಎಂದು ದಿನಕ್ಕೆ ಆರು ಕಿಲೋಮೀಟರ್ ಓಡಿಸುವವರಿಗೆ ಡೀಸೆಲ್ ಸಲ್ಲದು. ಜಾಲರಿ ಕಟ್ಟಿಕೊಂಡು ಎಂಜಿನ್ನು ಬಲಗುಂದುತ್ತದೆ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಮೀರದವರು ಪೆಟ್ರೋಲನ್ನೇ ಕೊಳ್ಳುವುದು ಲೇಸೆಂದು ನಮ್ಮ ಸ್ಪಷ್ಟ ಅಭಿಪ್ರಾಯ, ಡೀಸೆಲಿನ ದರವನ್ನು ಹಿಡಿದು ಎಷ್ಟೇ ಲೆಕ್ಕ ತೋರಿಸಿದರೂ. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಇಥೆನಾಲ್ ಬೆರೆತು ಬರುತ್ತಿರುವುದರಿಂದ, 2023ಕ್ಕಿಂತ ಹಿಂದಿನ ವಾಹನವಾದರೆ ಇಂಧನದ ರಬ್ಬರ್ ನಳಿಕೆ, ಸೀಲುಗಳು ಬಿರುಕು ಬಿಟ್ಟಿವೆಯೇ ಎಂದು ಮಾತ್ರ ನೋಡಿಸಿಕೊಳ್ಳಿ. ಮೈಲೇಜು ಸ್ವಲ್ಪ ಕುಗ್ಗುತ್ತದೆ.

ಇನ್ನು ಗೊರಸು. ನಮ್ಮ ರಸ್ತೆಗಳ ಸ್ಥಿತಿಯನ್ನು ವಾಚಕರಿಗೆ ನಾವು ಬಣ್ಣಿಸಬೇಕಾಗಿಲ್ಲ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಡಾಂಬರು ನಿಲ್ಲುವುದಿಲ್ಲ; ಕಬ್ಬಿನ ಟ್ರ್ಯಾಕ್ಟರುಗಳು ಉಳಿದುದನ್ನು ಪೂರೈಸುತ್ತವೆ. ಆದ್ದರಿಂದ ಇಲ್ಲಿ ಓಡಿದ ಜೀಪಿನಲ್ಲಿ ಬುಷ್ಷು, ಲಿಂಕ್ ರಾಡು, ಬಾಲ್ ಜಾಯಿಂಟು, ಶಾಕ್ ಅಬ್ಸಾರ್ಬರುಗಳು ಸವೆದಿರುವುದು ಸರ್ವಸಾಮಾನ್ಯ. ಇದಕ್ಕೆ ಗಾಬರಿಯಾಗಬೇಕಿಲ್ಲ. ಕಿಟಕಿ ಇಳಿಸಿ, ರೇಡಿಯೋ ಬಂದ್ ಮಾಡಿ, ಗುಂಡಿಬಿದ್ದ ಓಣಿಯಲ್ಲಿ ಮೆಲ್ಲಗೆ ನಡೆಸಿದರೆ ಕಟಕಟ ಸದ್ದು ತಾನೇ ಹೇಳುತ್ತದೆ. ಮುಂಭಾಗವನ್ನೆಲ್ಲ ಹೊಸತುಮಾಡಲು ₹12,000ದಿಂದ ₹22,000 ಹಿಡಿಯಿರಿ, ಅಷ್ಟನ್ನು ದರದಲ್ಲಿ ಕಡಿಮೆ ಕೇಳಿ. ಬೊಲೆರೊ 2000ದಿಂದಲೂ ನಮ್ಮ ಹಳ್ಳಿಗಳಲ್ಲಿ ಬೇರೂರಿರುವುದು ಇದೇ ಕಾರಣಕ್ಕೆ: ಗಟ್ಟಿ ಚಾಸಿ, ಹಿಂದೆ ಪಾಟಾ ಸ್ಪ್ರಿಂಗು, ಕುಳಿತವರ ಸೊಂಟಕ್ಕೆ ಸುಖವಿಲ್ಲದಿದ್ದರೂ ಮಿಸ್ತ್ರಿ ಎಲ್ಲ ಊರಲ್ಲಿ ಸಿಗುತ್ತಾನೆ, ಸಾಮಾನು ಸೋವಿ. ಅದರಲ್ಲಿ ನೋಡಬೇಕಾದದ್ದು ನೆಲದ ತಗಡಿನ ತುಕ್ಕು ಮತ್ತು ಪ್ರೊಪೆಲರ್ ಶಾಫ್ಟಿನ ಕ್ರಾಸು. ಹಿಂದೆ ಹಳದಿ ಫಲಕದಲ್ಲಿ ಬಾಡಿಗೆ ಓಡಿದ್ದೇ ಎಂಬುದನ್ನೂ ನೋಂದಣಿಯ ಪತ್ರದಲ್ಲಿ ನೋಡತಕ್ಕದ್ದು.

ಟಯರಿನ ಪಾರ್ಶ್ವದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಇದು ಕೇವಲ ಟಯರಿನ ವಯಸ್ಸಲ್ಲ, ಮೀಟರಿನ ಸತ್ಯವನ್ನೂ ಹೇಳುವ ಸಾಕ್ಷಿ. 2019ರ ಜೀಪು 35,000 ಕಿಲೋಮೀಟರ್ ಓಡಿದೆಯೆಂದು ತೋರಿಸುತ್ತ ನಾಲ್ಕೂ ಟಯರು 2023ರವಾಗಿದ್ದರೆ, ಮೊದಲಿನ ಟಯರುಗಳು ಅಷ್ಟು ಬೇಗ ಎಲ್ಲಿ ಹೋದವು? ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸುವುದು ಈಗ ಅರ್ಧ ತಾಸಿನ ಕೆಲಸ. ಆದರೆ ಕ್ಲಚ್ ಪೆಡಲಿನ ರಬ್ಬರು, ಸ್ಟಿಯರಿಂಗಿನ ಹೊಳಪು, ಚಾಲಕನ ಆಸನದ ಬಲಗಡೆಯ ಅಂಚು ಇವನ್ನು ಯಾರೂ ಹಿಂದಕ್ಕೆ ತಿರುಗಿಸಲಾರರು. ಇವೇ ಎತ್ತಿನ ಹಲ್ಲು.

ಎ.ಸಿ. ತಣಿಸುತ್ತದೆಯೇ, ಕಿಟಕಿ ಏರುತ್ತದೆಯೇ, ಬ್ಯಾಟರಿ ಎಷ್ಟು ಹಳೆಯದು ಎಂಬುದು ಎಲ್ಲರೂ ನೋಡುವಂಥವು. ಬ್ಯಾಟರಿಗೆ ₹6,000ದಿಂದ ₹9,000, ಎ.ಸಿ. ಕಂಪ್ರೆಸರು ಹೋದರೆ ಮಾತ್ರ ₹15,000ಕ್ಕೆ ಕಡಿಮೆಯಿಲ್ಲ. ಚಾವಿ ತಿರುಗಿಸಿದಾಗ ಎಂಜಿನ್ನಿನ ದೀಪ, ಏರ್‌ಬ್ಯಾಗಿನ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತದೆಯೇ ಇದ್ದರೆ ಸಂತೋಷಪಡಬೇಡಿ. ದೀಪವನ್ನೇ ತೆಗೆದಿರುವ ಸಂಭವವುಂಟು.

ವಾಹನ ಚೆನ್ನಾಗಿರುವುದು ಬೇರೆ, ಅದರ ಸಾಮಾನು ಉದಗೀರದಲ್ಲಿ ದೊರೆಯುವುದು ಬೇರೆ. ಫೋರ್ಡ್ ಕಂಪನಿ ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಘೋಷಿಸಿತು. 2013ರಲ್ಲಿ ಬಂದ ಎಕೋಸ್ಪೋರ್ಟಿನ ದರ ಅಲ್ಲಿಂದ ಕುಸಿಯಿತು. 2012ರಲ್ಲಿ ಬಂದ ಡಸ್ಟರಿನ ಆ ಪೀಳಿಗೆಯ ತಯಾರಿಕೆ 2022ರಲ್ಲಿ ನಿಂತಿತು. ಎರಡೂ ಗಟ್ಟಿಮುಟ್ಟಾದ ವಾಹನಗಳೆಂಬುದರಲ್ಲಿ ಸಂಶಯವಿಲ್ಲ. ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವವರು ಅಗ್ಗಕ್ಕೆ ಕೊಂಡು ಸುಖಪಟ್ಟಿದ್ದಾರೆ. ದೇವಣಿಯಲ್ಲಿ ಸೆನ್ಸರೊಂದು ಕೆಟ್ಟರೆ ಅದನ್ನು ತರಿಸಿಕೊಳ್ಳುವವರೆಗೆ ಜೀಪು ಬೇವಿನ ಮರದಡಿ ನಿಲ್ಲಬೇಕಾದೀತು. ಎಕೋಸ್ಪೋರ್ಟಿನ ಪೆಟ್ರೋಲಿನಲ್ಲಿ ಮೊದಲು ಬಂದ ಎರಡು ಕ್ಲಚ್ಚಿನ ಅಟೋಮ್ಯಾಟಿಕ್ ಗೇರನ್ನಂತೂ ನಮ್ಮವರು ಮುಟ್ಟಬಾರದು. ಆ ಬಗೆಯ ಗೇರು ನಡುಗುವ ದೋಷಕ್ಕೆ ಲೋಕದಲ್ಲೆಲ್ಲ ಹೆಸರಾದದ್ದು. ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರಿನಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆಯೆಂಬುದು ಗ್ಯಾರೇಜಿನ ಬಿಲ್ಲು ನೋಡುವಾಗ ನೆನಪಿರಲಿ. ನಾವು ಇಲ್ಲಿ ಕೊಟ್ಟ ದರಗಳೆಲ್ಲ ಊರಿನ ಸಾಧಾರಣ ಗ್ಯಾರೇಜಿನವು, ಅಂದಾಜಿನವು. ಕಂಪನಿಯ ಸೇವಾಕೇಂದ್ರದಲ್ಲಿ ಇವು ಏರುತ್ತವೆ.

2025ರ ಸೆಪ್ಟೆಂಬರಿನ ಅತಿವೃಷ್ಟಿಯಲ್ಲಿ ಧಾರಾಶಿವ, ಬೀಡ, ಲಾತೂರು, ಸೊಲ್ಲಾಪುರ ಜಿಲ್ಲೆಗಳ ಎಷ್ಟು ಹೊಲ-ಮನೆಗಳು ನೀರಲ್ಲಿ ನಿಂತವೆಂಬುದನ್ನು ಯಾರೂ ಮರೆತಿಲ್ಲ. ಹಾಗೆ ನೀರಲ್ಲಿ ಮುಳುಗಿದ ವಾಹನ ಒಣಗಿಸಿ, ತೊಳೆಸಿ, ಅತ್ತರು ಹೊಡೆದು ಬಜಾರಿಗೆ ಬರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ತುದಿಯಲ್ಲಿ ಮಣ್ಣಿನ ಕಲೆಯಿದ್ದರೆ ಅದು ನೀರು ಏರಿದ ಗುರುತು. ಆಸನದ ಕೆಳಗಿನ ಬೋಲ್ಟುಗಳಲ್ಲಿ ತುಕ್ಕು, ಸ್ಟೆಪ್ನಿಯ ಗುಂಡಿಯಲ್ಲಿ ಎರೆಮಣ್ಣಿನ ಪುಡಿ ಇವೂ ಅದನ್ನೇ ಹೇಳುತ್ತವೆ. ಇಂಥ ಜೀಪನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ; ವೈರಿಂಗು ಒಂದೊಂದೇ ಕಡೆ ಹಸಿರುಗಟ್ಟಿ ವರ್ಷಾನುಗಟ್ಟಲೆ ಕಾಡುತ್ತದೆ. ಅಪಘಾತವಾಗಿ ಚಾಸಿಗೆ ವೆಲ್ಡಿಂಗ್ ಮಾಡಿಸಿದ್ದೂ ಹಾಗೆಯೇ.

ಗಡಿನಾಡಿನವರಾದ ನಮಗೆ ಬೇರೆಯದೇ ಆದ ತೊಡಕೊಂದಿದೆ. ಭಾಲ್ಕಿ, ಬೀದರ, ಔರಾದ ಕಡೆಯ ಬೀಗರು ‘ನಮ್ಮಲ್ಲಿ ಒಳ್ಳೇ ಗಾಡಿ ಅದ’ ಎಂದು ಕಳಿಸುತ್ತಾರೆ, ಕೆ.ಎ. ಫಲಕದೊಡನೆ ಅದು ದೇವಣಿಗೆ ಬರುತ್ತದೆ. 1956ರ ನವೆಂಬರಿನವರೆಗೆ ಉದಗೀರ, ನಿಲಂಗಾಗಳೂ ಬೀದರ ಜಿಲ್ಲೆಯವೇ ಆಗಿದ್ದವು. ಬೀಗಸ್ತಿಕೆ ಗೆರೆ ನೋಡಿ ಆಗುವುದಿಲ್ಲ, ಆದರೆ ಸಾರಿಗೆ ಕಚೇರಿ ಗೆರೆಯನ್ನೇ ನೋಡುತ್ತದೆ. ಒಂದು ರಾಜ್ಯದ ವಾಹನವನ್ನು ಇನ್ನೊಂದರಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಅಧಿನಿಯಮದ 47ನೆಯ ಕಲಮು ಹೇಳುತ್ತದೆ. ಅದಕ್ಕೆ ಮೂಲ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ, ವರ್ಗಾವಣೆಗೆ 29 ಮತ್ತು 30ನೆಯ ನಮೂನೆಗಳು, ಸಾಲವಿದ್ದಿದ್ದರೆ ಅದು ತೀರಿದ್ದಕ್ಕೆ 35ನೆಯ ನಮೂನೆ ಬೇಕು. ಮಹಾರಾಷ್ಟ್ರದ ತೆರಿಗೆಯನ್ನು ಬೇರೆಯಾಗಿ ತುಂಬಬೇಕು. ಅಲ್ಲಿ ತುಂಬಿದ್ದನ್ನು ಮರಳಿ ಪಡೆಯಲು ಮೊದಲಿನ ಒಡೆಯನ ಸಹಕಾರ ಬೇಕು, ತಾಳ್ಮೆಯೂ ಬೇಕು. ಬೆಲೆ ಗೊತ್ತುಮಾಡುವ ಮೊದಲೇ ಈ ತೆರಿಗೆ ಎಷ್ಟಾಗುತ್ತದೆಂದು ನಮ್ಮ ಕಡೆಯ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. ಎಷ್ಟೋ ಸಲ ಗಡಿಯಾಚೆಯ ಅಗ್ಗ ಇಲ್ಲಿಯೇ ಕರಗಿಹೋಗುತ್ತದೆ.

ಮಾರುವ ಬೀಗರಿಗೂ ಒಂದು ಎಚ್ಚರಿಕೆ. ಬರೀ ಸ್ಟಾಂಪ್ ಕಾಗದದ ಮೇಲೆ ಬರೆದುಕೊಟ್ಟು ಕೈತೊಳೆದುಕೊಂಡರೆ ಆಗದು. ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಇನ್ನು ಹದಿನೈದು ವರ್ಷ ಸಮೀಪಿಸಿದ ಜೀಪನ್ನು ಕೊಳ್ಳುವವರು, ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ ₹600ರಿಂದ ₹5,000ಕ್ಕೆ ಏರಿದುದನ್ನೂ, ಅದಕ್ಕೆ ಮೊದಲು ವಾಹನ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಒಟ್ಟು ಹಣದ ಮಾತು. ಕೈಯಲ್ಲಿ ಐದು ಲಕ್ಷವಿದ್ದರೆ ನಾಲ್ಕು ಲಕ್ಷದ ಜೀಪು ನೋಡಬೇಕು. ಉಳಿದ ಒಂದು ಲಕ್ಷ ಮೊದಲ ವರ್ಷದ ದುರಸ್ತಿಗೆ, ತೆರಿಗೆಗೆ, ವಿಮೆಗೆ. ಇದು ಅತಿಯಾಯಿತೆಂದು ವಾದಿಸುವವರಿಗೆ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಓದಲು ಬಿನ್ನಹ. ಮನೆಯೊಡತಿಯನ್ನು ಕೇಳದೆ ಮುಂಗಡ ಕೊಡಬೇಡಿ, ಯಾಕೆಂದರೆ ಮಕ್ಕಳ ಶುಲ್ಕದ ದಿನಾಂಕ ನೆನಪಿರುವುದು ಆಕೆಗೇ. ಮುಂಗಡಕ್ಕೆ ಮೊದಲು, ಮಾರುವವನಿಗೆ ಪರಿಚಯವಿಲ್ಲದ ಮಿಸ್ತ್ರಿಯೊಬ್ಬನನ್ನು ಸಾವಿರ ರೂಪಾಯಿ ಕೂಲಿ ಕೊಟ್ಟು ಕರೆದೊಯ್ಯಿರಿ; ಕಂಪ್ಯೂಟರ್ ಸ್ಕ್ಯಾನರ್ ಇರುವವನಾದರೆ ಇನ್ನೂ ಒಳ್ಳೆಯದು. ವಾಹನದ ಸಂಖ್ಯೆಯನ್ನು ಸರಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿದರೆ ಸಾಲದ ಭಾರ, ವಿಮೆಯ ಅವಧಿ ಎಲ್ಲ ಕಾಣುತ್ತವೆ. ಬಾಕಿ ದಂಡದ ಚಲನುಗಳನ್ನೂ ನೋಡಿಸಿಕೊಳ್ಳಿ. ಇದನ್ನು ಎಂಟನೆಯ ಇಯತ್ತೆಯ ಮಕ್ಕಳೂ ಮಾಡಿಕೊಡುತ್ತಾರೆ, ಅವರಿಗೇ ಹಚ್ಚಿ. ಕೊಂಡ ಮೊದಲ ವಾರದಲ್ಲಿ ಎಂಜಿನ್ ಆಯಿಲ್, ನಾಲ್ಕು ಫಿಲ್ಟರು, ಕೂಲಂಟು, ಬ್ರೇಕ್ ದ್ರವ ಇವಿಷ್ಟನ್ನು ತಪ್ಪದೆ ಬದಲಿಸಿರಿ: ₹7,000ದಿಂದ ₹10,000ದಲ್ಲಿ ಆಗುವ ಕೆಲಸ. ಬೆಲ್ಟಿನ ಎಂಜಿನ್ನಾದರೆ ಬೆಲ್ಟನ್ನೂ. ವಿಮೆಯನ್ನು ನಿಮ್ಮ ಹೆಸರಿಗೆ ಹದಿನಾಲ್ಕು ದಿನಗಳೊಳಗೆ ಬರೆಸಿಕೊಳ್ಳಿ.

ಹಳೆಯ ಟ್ರ್ಯಾಕ್ಟರನ್ನು ಕಂತಿನಲ್ಲಿ ಕೊಳ್ಳುವ ಬಗೆಗೆ ನಿಲಂಗಾ ತಾಲ್ಲೂಕಿನ ಇಬ್ಬರು ವಾಚಕರು ಕೇಳಿದ್ದಾರೆ. ಅದಕ್ಕೆ ಮುಂದಿನ ಸಂಚಿಕೆಯಲ್ಲಿ.